ಟ್ರಂಕ್ ಅತ್ತೆಯ ನಂಬರು

ನಮ್ಮ ಸೋದರತ್ತೆಯನ್ನು ಮನೆಮಂದಿಯೆಲ್ಲ ಕರೆಯುವುದು ಟ್ರಂಕ್ ಅತ್ತೆ ಎಂದು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿಂದೂರಿಗೆ ಟ್ರಂಕ್ ಕಾಲ್ ಜೋಡಿಸಿಕೊಟ್ಟವರು ಅವರು. ಕಿವಿಗೆ ಹೆಡ್‌ಫೋನು, ಎದುರಿಗೆ ಆಳೆತ್ತರದ ಬೋರ್ಡು, ಅದರ ತುಂಬ ಸಾಲುಸಾಲು ತೂತು, ಒಂದೊಂದು ತೂತಿನ ಮೇಲೂ ಕಡಲೆಕಾಳಿನಷ್ಟು ದೀಪ. ದೀಪ ಹತ್ತಿತು ಎಂದರೆ ಆ ತುದಿಯಲ್ಲಿ ಯಾರೋ ಕಾಯುತ್ತಿದ್ದಾರೆ ಎಂದರ್ಥ. ಆಪರೇಟರ್ ವೈರು ಸಿಕ್ಕಿಸಿ ಮಾತಾಡಿಸುವವರೆಗೂ ಅದು ಆರುವುದಿಲ್ಲ. "ಹತ್ತಿದ ದೀಪನ ಹಾಗೇ ಬಿಟ್ಟು ಟೀ ಕುಡಿಯೋಕೆ ಎದ್ದವಳಲ್ಲ ನಾನು" ಎಂದು ಅತ್ತೆ ಈಗಲೂ ಹೇಳಿಕೊಳ್ಳುತ್ತಾರೆ. ನಿಜವೇ ಇರಬೇಕು. ನಮ್ಮ ಮನೆಯಲ್ಲೂ ಅಷ್ಟೇ, ಪಾಪದ ಸೇಲ್ಸ್‌ಮನ್ ಬಾಗಿಲು ತಟ್ಟಿದರೂ ಅವನಿಗೊಂದು ಮರ್ಯಾದೆಯ ಉತ್ತರ ಸಿಕ್ಕೇ ಸಿಗುತ್ತಿತ್ತು.

ನಾನು ಅವರ ತಮ್ಮನ ಮಗಳು. ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು. ನನ್ನ ಬಾಯಿ ಜೋರು, ಅದು ಇಡೀ ಬೀದಿಗೆ ಗೊತ್ತು; ಅತ್ತೆ ನನಗಿಟ್ಟ ಹೆಸರೇ ಪಟಾಕಿ. ಅವರು ಮದುವೆಯಾಗಲಿಲ್ಲ. ನನ್ನಪ್ಪ ತೀರಿಕೊಂಡ ಮೇಲೆ ಅವರಿಗೆ ನಾನು, ನನಗೆ ಅವರು. ಇನ್ನೊಬ್ಬರೂ ಇದ್ದರು, ಅವರ ಕಥೆಯನ್ನು ಹೇಳದೆ ಇದು ಮುಂದಕ್ಕೆ ಹೋಗುವುದಿಲ್ಲ.

ಅತ್ತೆಯ ಕೊನೆಯ ತಮ್ಮ, ನನ್ನ ಚಿಕ್ಕಪ್ಪ. ಎಲ್ಲರ ಬಾಯಲ್ಲೂ ಪಾಪು. ವಯಸ್ಸು ನಲವತ್ತೆಂಟಾದರೂ ಪಾಪುವೇ, ಏಕೆಂದರೆ ಬುದ್ಧಿ ಎಂಟು ವರ್ಷಕ್ಕೇ ನಿಂತುಬಿಟ್ಟಿತ್ತು. ಓದು ಬರಹ ಬರದು. ತಾಯಿ ಸತ್ತಾಗಿನಿಂದ ಅವರನ್ನು ಸಾಕಿದವರು ಅತ್ತೆ, ಎಕ್ಸ್‌ಚೇಂಜಿನ ಕ್ವಾರ್ಟರ್ಸಿನಲ್ಲಿ. ಚಿಕ್ಕಪ್ಪನಿಗೆ ರೋಡ್ ರೋಲರ್ ಎಂದರೆ ಪ್ರಾಣ. ಎಲ್ಲಿ ರಸ್ತೆ ಹಾಕುತ್ತಿದ್ದರೂ ಹೋಗಿ ನಿಲ್ಲುವುದು, ಕರೆದರೂ ಬರದಿರುವುದು. ಒಮ್ಮೆ ಒಬ್ಬ ಮೇಸ್ತ್ರಿ, "ಚಕ್ರಕ್ಕೆ ನೀರು ಹಾಕ್ತೀಯೇನೋ?" ಎಂದು ಕೇಳಿದ. ಚಿಕ್ಕಪ್ಪ ಅಂದು ಮನೆಗೆ ಬಂದು ಕುಣಿದಾಡಿದ್ದು ನನಗೆ ನೆನಪಿದೆ. ಆಯಿತು, ಗ್ಯಾಂಗಿನ ಜೊತೆ ಹೊರಟೇ ಬಿಟ್ಟರು. ಅತ್ತೆ ಬೇಡವೆನ್ನಲಿಲ್ಲ. "ಅವನಿಗೂ ಒಂದು ಕೆಲಸ ಅಂತ ಬೇಡ್ವೇನೇ? ನಾನು ಸತ್ತ ಮೇಲೆ?" ಎಂದರು.

ಬೇಡವೆನ್ನಲಿಲ್ಲ, ಆದರೆ ಸುಮ್ಮನೆ ಕಳಿಸಲೂ ಇಲ್ಲ. ಒಂದು ಮೊಬೈಲ್ ಕೊಂಡರು, ತಮಗಾಗಿ. ಅದರ ಹತ್ತು ಅಂಕಿಗಳನ್ನು ಚಿಕ್ಕಪ್ಪನಿಗೆ ಬಾಯಿಪಾಠ ಮಾಡಿಸಲು ಕೂತರು. ಮೂರು ವಾರ ಹಿಡಿಯಿತು. ಎರಡೆರಡೇ ಅಂಕಿ, ಆಪರೇಟರುಗಳು ಹೇಳುವ ಹಾಗೆ ಎಳೆದು ಎಳೆದು. ಊಟಕ್ಕೆ ಮೊದಲು ಒಂದು ಸಲ, ಮಲಗುವ ಮೊದಲು ಒಂದು ಸಲ. ಕೊನೆಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಷ್ಟಾಯಿತು. ಚಿಕ್ಕಪ್ಪನಿಗೆ ಮೂರು ಸಲ ಫೋನು ಕೊಡಿಸಿದ್ದೂ ಉಂಟು, ಮೂರೂ ಕಳೆದುಹೋದವು. ಆಮೇಲೆ ಪಕ್ಕದಲ್ಲಿ ಯಾರಿರುತ್ತಾರೋ ಅವರ ಫೋನು ಇಸಿದುಕೊಂಡು ಮಾತಾಡುವುದು ರೂಢಿಯಾಯಿತು. ಎರಡು ತಿಂಗಳಿಗೊಮ್ಮೆ, ನಾಲ್ಕು ತಿಂಗಳಿಗೊಮ್ಮೆ. ಗ್ಯಾಂಗು ಒಡೆಯುತ್ತಿತ್ತು, ಮೇಸ್ತ್ರಿ ಬದಲಾಗುತ್ತಿದ್ದ, ಊರು ಬದಲಾಗುತ್ತಿತ್ತು. ನಾವು ತಿರುಗಿ ಮಾಡಿದರೆ ಯಾರೋ ದಾರಿಹೋಕರು ಎತ್ತಿ "ಅವನು ಆಗ್ಲೇ ಹೋದ" ಎನ್ನುತ್ತಿದ್ದರು. ಅಷ್ಟರಲ್ಲಿ ಅತ್ತೆ ನಿವೃತ್ತರಾಗಿ ಕ್ವಾರ್ಟರ್ಸ್ ಬಿಟ್ಟು, ಊರಿನ ಇನ್ನೊಂದು ಕೊನೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಿದ್ದರು. ಚಿಕ್ಕಪ್ಪ ಆ ಮನೆಯನ್ನು ನೋಡಿಯೇ ಇರಲಿಲ್ಲ. ಅವರಿಗೆ ಅಕ್ಕನ ವಿಳಾಸ ಎಂದರೆ ಆ ಹತ್ತು ಅಂಕಿ, ಅಷ್ಟೇ.

ಈ ಮೆಸೇಜುಗಳ ಕಾಟ ಯಾವಾಗ ಶುರುವಾಯಿತೋ ನನಗೆ ಸರಿಯಾಗಿ ಗೊತ್ತಿಲ್ಲ. ಗೊತ್ತಾಗಿದ್ದು ಮಾತ್ರೆಯಿಂದ. ಅತ್ತೆಯ ಬಿ.ಪಿ. ಮಾತ್ರೆ ಹತ್ತರ ಶೀಟು, ದಿನಕ್ಕೊಂದು, ಹತ್ತನೇ ದಿನ ಬರಬೇಕು. ಅವರು ಬಂದದ್ದು ಹತ್ತೊಂಬತ್ತನೇ ದಿನ. ಕೌಂಟರಿನ ಆಚೆಯಿಂದಲೇ ಹಿಡಿದೆ: "ಅತ್ತೆ, ಮಾತ್ರೆ ಸರಿಯಾಗಿ ತಗೋತಿದೀರಾ?"

"ಹೂಂ ಕಣೆ."

"ಹಾಗಾದ್ರೆ ಇಷ್ಟು ದಿನ ಹೇಗೆ ಬಂತು, ಮರಿ ಹಾಕ್ತಾ ಅದು?"

ಮನೆಗೆ ಹೋಗಿ ನೋಡಿದರೆ, ಬಟ್ಟಲಲ್ಲಿ ಒಂದೊಂದು ಮಾತ್ರೆಯನ್ನೂ ಚಾಕುವಿನಿಂದ ಎರಡು ಹೋಳು ಮಾಡಿಟ್ಟಿದ್ದಾರೆ. ಹಾಲು ನಿಲ್ಲಿಸಿದ್ದಾರೆ. ಪೇಪರು ನಿಲ್ಲಿಸಿದ್ದಾರೆ. ಕೆದಕಿ ಕೆದಕಿ ಕೇಳಿದ ಮೇಲೆ ಮೇಜಿನ ಖಾನೆಯಿಂದ ಫೋನಿನ ಬಿಲ್ಲುಗಳನ್ನು ತೆಗೆದು ನನ್ನ ಮುಂದಿಟ್ಟರು. ಪೆನ್ಷನ್ನಿನ ಮೂರನೇ ಒಂದು ಭಾಗ ಅಲ್ಲಿಗೇ ಹೋಗುತ್ತಿತ್ತು.

ಫೋನು ತೆರೆದು ನೋಡಿದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ‘ಅಭಿನಂದನೆಗಳು! ಪ್ರಪಂಚದ ಅತಿ ದೊಡ್ಡ ಪ್ರಾಣಿ ಯಾವುದು? ಉತ್ತರಿಸಿ, ಕಾರು ಗೆಲ್ಲಿ’ ಎಂದು ಒಂದು ಮೆಸೇಜು. ಅದಕ್ಕೆ ನಮ್ಮತ್ತೆ ಬರೆದಿದ್ದಾರೆ: ‘ನಮಸ್ಕಾರ. ತಿಮಿಂಗಿಲ. ನನಗೆ ಕಾರು ಓಡಿಸಲು ಬರುವುದಿಲ್ಲವಾದ್ದರಿಂದ ಬಹುಮಾನವನ್ನು ಬೇರೆಯವರಿಗೆ ಕೊಡಿ. ವಂದನೆಗಳು.’ ಇನ್ನೊಂದು, ‘ನಿಮ್ಮ ಒಂಟಿತನ ದೂರ ಮಾಡಲು ಗೆಳತಿಯರು ಕಾಯುತ್ತಿದ್ದಾರೆ.’ ಅದಕ್ಕೆ: ‘ನಮಸ್ಕಾರ. ನನಗೆ ಎಪ್ಪತ್ತೊಂದು ವರ್ಷ. ಕಾಯುತ್ತಿರುವವರನ್ನು ದಯವಿಟ್ಟು ಮನೆಗೆ ಕಳಿಸಿ.’ ಹೀಗೆ ದಿನಕ್ಕೆ ಹತ್ತು, ಹನ್ನೆರಡು. ಒಂದೊಂದು ಉತ್ತರಕ್ಕೂ ಮಾಮೂಲಿ ಮೆಸೇಜಿನ ಇಪ್ಪತ್ತು ಪಟ್ಟು ದರ. ಒಂದಕ್ಕೆ ಉತ್ತರ ಕೊಟ್ಟರೆ ಸಂಜೆಯೊಳಗೆ ಇನ್ನೆರಡು ಹಾಜರ್.

"ಅತ್ತೆ, ಇವಕ್ಕೆಲ್ಲ ಯಾಕೆ ಉತ್ತರ ಕೊಡ್ತೀರ? ಆ ಕಡೆ ಇರೋದು ಮನುಷ್ಯರಲ್ಲ, ಮೆಷೀನು!"

"ಪರದೆ ಮೇಲೆ ಆ ಕೆಂಪು ಚುಕ್ಕೆ ಬರುತ್ತಲ್ಲೇ, ನನಗೆ ಕೂರೋಕಾಗಲ್ಲ ನಿಲ್ಲೋಕಾಗಲ್ಲ. ಯಾರೋ ಲೈನಲ್ಲಿ ಇದಾರೆ ಅನ್ಸುತ್ತೆ. ಎಲ್ಲಾದ್ರೂ ಪಾಪು ಯಾರ ಕೈಲಾದ್ರೂ ಬರೆಸಿರಬಹುದು ಅಂತ ತೆಗೀತೀನಿ. ತೆಗೆದ ಮೇಲೆ ಸುಮ್ನಿರೋದು ಹೇಗೆ?"

ಬೈದೆ. ಚೆನ್ನಾಗಿಯೇ ಬೈದೆ. ಆಮೇಲೆ ಮಾತ್ರೆಯ ಹೋಳುಗಳನ್ನು ಕಸಕ್ಕೆ ಹಾಕಿ ಹೊಸ ಶೀಟು ತಂದುಕೊಟ್ಟೆ.

ಮರುದಿನವೇ ಫೋನ್ ಕಂಪನಿಯ ಆಫೀಸಿಗೆ ಹೋದೆ. ಗಾಜಿನ ಬಾಗಿಲು, ಟೋಕನ್ನು, ಸಾಲು ಕುರ್ಚಿ. ಕೌಂಟರಿನ ಹುಡುಗಿ ಬೆಣ್ಣೆಯಂತೆ ಮಾತಾಡಿದಳು. "ರಿಪ್ಲೈ ಮಾಡಿದ್ರೆ ಸೇವೆಗೆ ಒಪ್ಕೊಂಡ ಹಾಗೆ ಮೇಡಂ. ಅದು ನಮ್ಮದಲ್ಲ, ಹೊರಗಿನ ಕಂಪನಿಯವರದು. ನಾವು ಬಿಲ್ ಮಾತ್ರ ಕಳಿಸ್ತೀವಿ."

"ಕಳ್ಳನ ಚೀಲ ಹಿಡ್ಕೊಂಡು ನಿಂತಿರೋರು ನೀವು ಅನ್ನಿ" ಎಂದೆ. ಹಿಂದೆ ನಿಂತಿದ್ದವರು ನಕ್ಕರು. ಅವಳಿಗೇನೂ ಆಗಲಿಲ್ಲ. ‘ಸ್ಟಾಪ್’ ಎಂದು ಕಳಿಸಿ ಎಂದಳು. ಕಳಿಸಿದೆ. ಒಂದು ನಿಂತಿತು, ಬೇರೆ ನಂಬರಿನಿಂದ ಮೂರು ಬಂದವು. ಅವಕ್ಕೆ ನಾನು ನೋಡುವ ಮೊದಲೇ ಅತ್ತೆ ಉತ್ತರ ಕೊಟ್ಟಾಗಿತ್ತು. ನನ್ನೆದುರು "ಇಲ್ಲಮ್ಮ, ಇನ್ಮೇಲೆ ಮುಟ್ಟಲ್ಲ" ಎನ್ನುತ್ತಾರೆ, ನಾನು ಬೆನ್ನು ತಿರುಗಿಸಿದರೆ ವಂದನೆಗಳು ಹೋಗುತ್ತವೆ. ದೂರು ಬರೆದೆ. ಮತ್ತೊಂದು ಬರೆದೆ. ಎರಡು ತಿಂಗಳು ಕೆಲಸ ಬಿಟ್ಟು ಬಿಟ್ಟು ಅಲೆದೆ. ನಾಲ್ಕನೇ ಸಲ ಹೋದಾಗ ಆ ಹುಡುಗಿಯೇ ಕನಿಕರಪಟ್ಟು ದನಿ ತಗ್ಗಿಸಿ ಹೇಳಿದಳು: "ಮೇಡಂ, ಸುಮ್ನೆ ಯಾಕೆ ಒದ್ದಾಡ್ತೀರಾ? ಈ ನಂಬರ್ ಬಿಟ್ಟುಕೊಡಿ. ಬಿಟ್ಟುಕೊಟ್ರೆ ಹಳೇ ಬಾಕಿನೂ ಮನ್ನಾ ಮಾಡಿಸ್ತೀನಿ. ಹೊಸ ನಂಬರ್ ತಗೊಳ್ಳಿ, ನೆಮ್ಮದಿಯಾಗಿರಿ."

ಮನೆಗೆ ಬಂದು ಹೇಳಿದೆ. ಅತ್ತೆ ಮಾತು ಪೂರ್ತಿ ಮಾಡಗೊಡಲಿಲ್ಲ.

"ಅದೊಂದು ಬೇಡ."

"ಅತ್ತೆ..."

"ಊಟ ಬಿಡು ಅನ್ನು, ಬಿಡ್ತೀನಿ. ಆ ನಂಬರ್ ಬಿಡು ಅನ್ಬೇಡ. ಅವನ ತಲೇಲಿ ಇನ್ನೊಂದು ನಂಬರ್ ಕೂರಲ್ಲ ಕಣೆ. ಅವನು ಬಂದ್ರೆ ನಾನು ಎಲ್ಲಿದೀನಿ ಅಂತ ಅವನಿಗೆ ಹೇಗೆ ಗೊತ್ತಾಗ್ಬೇಕು?"

ಇಲ್ಲಿ ನನ್ನ ಮನಸ್ಸಿನಲ್ಲಿದ್ದುದನ್ನು ಮುಚ್ಚಿಡುವುದಿಲ್ಲ. ಚಿಕ್ಕಪ್ಪನ ಫೋನು ಬಂದು ಆಗ ಹದಿನಾಲ್ಕು ತಿಂಗಳಾಗಿತ್ತು. ಅಷ್ಟು ದಿನ ಅವರು ಎಂದೂ ಸುಮ್ಮನಿದ್ದವರಲ್ಲ. ಅವರು ಇನ್ನಿಲ್ಲ ಎಂದು ನಾನು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದೆ. ಇಲ್ಲದವರಿಗಾಗಿ ಇರುವವರು ಮಾತ್ರೆ ಕತ್ತರಿಸಿ ನುಂಗುತ್ತಿದ್ದಾರಲ್ಲ ಎಂದು ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಅದನ್ನು ಅತ್ತೆಯ ಮುಖಕ್ಕೆ ಹೇಳುವ ಧೈರ್ಯ, ಇಷ್ಟು ಬಾಯಿಬಡುಕಿಯಾದ ನನಗೆ ಬರಲಿಲ್ಲ. ಹೇಳಿದ್ದರೆ ಜಗಳವಾಗುತ್ತಿತ್ತು, ಅಷ್ಟೇ ತಾನೇ? ಜಗಳವಾಡಿದ್ದರೆ ಚೆನ್ನಾಗಿತ್ತು.

ಮುಂದಿನ ತಿಂಗಳು ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣು ಮೊದಲೇ ಮಂಜು. ಆಸ್ಪತ್ರೆಯಿಂದ ಬಂದ ಎರಡನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ನಾನು ನಂಬರು ಬಿಟ್ಟುಕೊಡುವ ಅರ್ಜಿಯನ್ನು ದಿಂಬಿನ ಪಕ್ಕ ಇಟ್ಟೆ. "ಅತ್ತೆ, ಮೆಸೇಜ್ ನಿಲ್ಲಿಸೋ ಅರ್ಜಿ. ಇಲ್ಲೊಂದು ಸೈನ್ ಹಾಕಿ" ಎಂದೆ.

"ನೀನು ಓದಿದ್ಯಾ?"

"ಓದಿದೀನಿ."

"ಹಾಗಾದ್ರೆ ಸರಿ ಬಿಡು." ನಾನು ಬೆರಳು ಹಿಡಿದು ತೋರಿಸಿದ ಜಾಗದಲ್ಲಿ ಸೈನ್ ಹಾಕಿದರು. ದಶಕಗಟ್ಟಲೆ ಹಾಜರಿ ಪುಸ್ತಕದಲ್ಲಿ ಹಾಕಿದ ಸೈನು. ಕಣ್ಣು ಕಾಣದಿದ್ದರೂ ಒಂದಿಷ್ಟೂ ಅಂಕುಡೊಂಕಾಗಲಿಲ್ಲ.

ಮಧ್ಯಾಹ್ನವೇ ಕೊಟ್ಟು ಬಂದೆ. ಅದೇ ಫೋನಿಗೆ ಹೊಸ ಸಿಮ್ ಹಾಕಿದೆ. ಕಣ್ಣಿನ ಪಟ್ಟಿ ತೆಗೆದ ದಿನ ಅತ್ತೆ ಫೋನು ನೋಡಿ, "ಅಬ್ಬ, ಒಂದೂ ಇಲ್ವಲ್ಲೇ! ಪಟಾಕಿ, ನೀನು ಮನಸ್ಸು ಮಾಡಿದ್ರೆ ಏನು ಬೇಕಾದ್ರೂ ಮಾಡ್ತೀಯ ಬಿಡು" ಎಂದು ನನ್ನ ಬೆನ್ನು ತಟ್ಟಿದರು. ನಾನು ತಟ್ಟಿಸಿಕೊಂಡೆ. ಸಮಯ ನೋಡಿ ನಿಧಾನವಾಗಿ ಹೇಳಿದರಾಯಿತು ಎಂದುಕೊಂಡಿದ್ದೆ. ನನಗೆ ಮರೆತೇಹೋಗಿದ್ದ ಒಂದು ಸಂಗತಿ ಇತ್ತು. ಎಕ್ಸ್‌ಚೇಂಜಿನವರಿಗೆ ತಿಂಗಳಿಗೊಮ್ಮೆ ಲೈನು ಪರೀಕ್ಷಿಸುವ ಅಭ್ಯಾಸ. ಅತ್ತೆಯೂ ಪ್ರತಿ ತಿಂಗಳ ಒಂದನೇ ತಾರೀಕು ನಮ್ಮ ಅಂಗಡಿಗೆ ಬಂದು, ಅಲ್ಲಿನ ಲ್ಯಾಂಡ್‌ಲೈನಿನಿಂದ ತಮ್ಮ ನಂಬರಿಗೆ ತಾವೇ ಫೋನು ಮಾಡಿ, ಕೈಚೀಲದಲ್ಲಿ ಅದು ರಿಂಗಾದರೆ "ಜೀವ ಇದೆ" ಎಂದು ಇಟ್ಟುಬಿಡುತ್ತಿದ್ದರು.

ಒಂದನೇ ತಾರೀಕು ಬಂದರು. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳು. ನಾನು ಒಬ್ಬರಿಗೆ ಕೆಮ್ಮಿನ ಸಿರಪ್ಪು ಎಷ್ಟು ಹೊತ್ತಿಗೆ ಎಂದು ಬರೆಯುತ್ತಿದ್ದೆ. ಅತ್ತೆ ನಂಬರು ಒತ್ತಿದ್ದು ಕಂಡಿತು, ನನ್ನ ಕೈ ಅಲ್ಲೇ ನಿಂತಿತು. ಕೈಚೀಲದೊಳಗಿನ ಫೋನು ರಿಂಗಾಗಲಿಲ್ಲ. ರಿಸೀವರಿನಲ್ಲಿ ಹೆಂಗಸಿನ ದನಿ, ಈ ಸಂಖ್ಯೆ ಬಳಕೆಯಲ್ಲಿಲ್ಲ ಎಂದು. ತಪ್ಪಿ ಒತ್ತಿರಬೇಕೆಂದು ಅತ್ತೆ ಇನ್ನೊಮ್ಮೆ, ಒಂದೊಂದೇ ಅಂಕಿಯನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಒತ್ತಿದರು. ಮತ್ತೆ ಅದೇ ದನಿ. ಅವರು ತಿರುಗಿ ನನ್ನನ್ನು ನೋಡಿದರು. ನನ್ನ ಮುಖದಲ್ಲಿ ಎಲ್ಲವೂ ಬರೆದಿತ್ತೆಂದು ಕಾಣುತ್ತದೆ.

"ಯಾವತ್ತು?" ಎಂದರು.

"ಹನ್ನೊಂದು ದಿನ ಆಯ್ತು, ಅತ್ತೆ."

ಕೂಗಾಡಲಿಲ್ಲ. ಗಿರಾಕಿಗಳಿಗೆಂದು ಇಟ್ಟ ಸ್ಟೂಲಿನ ಮೇಲೆ ಕುಳಿತುಕೊಂಡರು. "ಹನ್ನೊಂದು ದಿನ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ನಾನು ಮಾತ್ರೆಯ ಬಗ್ಗೆ, ಬಿಲ್ಲಿನ ಬಗ್ಗೆ, ಅವರ ಆರೋಗ್ಯದ ಬಗ್ಗೆ ಏನೇನೋ ಬಡಬಡಿಸಿದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ.

ಅವತ್ತೇ ಇಬ್ಬರೂ ಕಂಪನಿಯ ಆಫೀಸಿಗೆ ಓಡಿದೆವು. ಅತ್ತೆ ತಮ್ಮ ಹಳೆಯ ನೌಕರಿಯ ಗುರುತಿನ ಚೀಟಿಯನ್ನು ಗಾಜಿನ ಕೆಳಗಿನಿಂದ ತಳ್ಳಿ, "ನಾನೂ ಟೆಲಿಫೋನಿನವಳೇ ಮಗಳೇ. ಒಂದು ಲೈನು ಜೋಡಿಸೋದು ಎಷ್ಟು ಹೊತ್ತಿನ ಕೆಲಸ ಅಂತ ನನಗೆ ಗೊತ್ತು" ಎಂದರು. ಆ ಹುಡುಗಿ ಪಾಪ, ನಿಜವಾಗಿಯೂ ಪ್ರಯತ್ನಪಟ್ಟಳು. ಬಿಟ್ಟುಕೊಟ್ಟ ನಂಬರು ಕೆಲವು ತಿಂಗಳು ಯಾರಿಗೂ ಸಿಗುವುದಿಲ್ಲವಂತೆ, ಆಮೇಲೆ ಯಾರ ಪಾಲಿಗೆ ಬಂದರೆ ಅವರದಂತೆ, ಸಿಸ್ಟಮ್ ಒಪ್ಪುವುದಿಲ್ಲವಂತೆ. ಮತ್ತೆ ಮೂರು ಸಲ ಹೋದೆವು. ನನ್ನ ಜೋರು ಬಾಯಿ ಅಲ್ಲಿ ಮೂರು ಕಾಸಿನ ಕೆಲಸಕ್ಕೂ ಬರಲಿಲ್ಲ.

ಅವತ್ತಿನಿಂದ ಅತ್ತೆ ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಹಳೆಯ ನಂಬರಿಗೆ ಫೋನು ಮಾಡತೊಡಗಿದರು. ಬಳಕೆಯಲ್ಲಿಲ್ಲ ಎಂಬ ದನಿಯನ್ನು, ಆಮೇಲಾಮೇಲೆ ಸ್ವಿಚ್ ಆಫ್ ಆಗಿದೆ ಎಂಬ ದನಿಯನ್ನು, ಕೊನೆಯವರೆಗೂ ಕೇಳಿ ಇಡುತ್ತಿದ್ದರು. ನನ್ನ ಜೊತೆ ಮಾತು ಬಿಡಲಿಲ್ಲ. ಊಟವಾಯಿತೇ, ಛತ್ರಿ ತಂದೆಯಾ, ಎಲ್ಲ ಕೇಳುತ್ತಿದ್ದರು. ಪಟಾಕಿ ಎಂದು ಮಾತ್ರ ಕರೆಯಲಿಲ್ಲ. ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ, ಇಡಿಯಾಗಿ ನುಂಗುತ್ತಿದ್ದರು. ಅದನ್ನು ನೋಡುವುದೇ ನನಗೆ ಶಿಕ್ಷೆಯಾಗಿತ್ತು.

ಐದು ತಿಂಗಳ ಮೇಲೆ ಒಂದು ಭಾನುವಾರ, ನಾನು ಅಲ್ಲೇ ಇದ್ದೆ, ಅತ್ತೆ ಎಂದಿನಂತೆ ಹಳೆಯ ನಂಬರು ಒತ್ತಿದರೆ ಆ ತುದಿಯಲ್ಲಿ ಫೋನು ರಿಂಗಾಯಿತು. ಅತ್ತೆ ಬೆಚ್ಚಿ ನನ್ನ ಕೈ ಹಿಡಿದುಕೊಂಡರು. ಆ ಕಡೆ ಗರಗಸದ ಸದ್ದು, ಆಮೇಲೆ ಗಂಡಸಿನ ದನಿ. ನಾನು ಸ್ಪೀಕರ್ ಒತ್ತಿದೆ. ಅವನೊಬ್ಬ ಬಡಗಿ. ನಂಬರು ತನ್ನದಾಗಿ ಒಂದೂವರೆ ತಿಂಗಳಾಯಿತು, ಬೆಳಿಗ್ಗೆ ಹೊತ್ತು ಅಂಗಡಿಯ ಸದ್ದಿನಲ್ಲಿ ಫೋನು ಆಫ್ ಮಾಡಿಡುತ್ತೇನೆ, ಇವತ್ತು ಮರೆತೆ ಎಂದ. ಅತ್ತೆ ಎಲ್ಲವನ್ನೂ ಚೊಕ್ಕವಾಗಿ ವಿವರಿಸಿ, ಯಾರಾದರೂ ಅಕ್ಕನನ್ನು ಕೇಳಿಕೊಂಡು ಮಾಡಿದ್ದರೇ ಎಂದು ಕೇಳಿದರು.

"ಹೂಂ ಅಮ್ಮ, ಬಂದಿತ್ತು" ಎಂದ ಬಡಗಿ. "ಇಪ್ಪತ್ತು ದಿನ ಆಗಿರ್ಬೇಕು. ಒಬ್ಬ ಅಕ್ಕನ್ನ ಕೊಡು ಅಂದ. ಇಲ್ಲಿ ಯಾವ ಅಕ್ಕನೂ ಇಲ್ಲಪ್ಪ, ಇದು ನನ್ನ ನಂಬರು ಅಂದೆ. ನಂಬಲೇ ಇಲ್ಲ, ನಂಬರು ಬಾಯಲ್ಲಿ ಹೇಳಿ ತೋರಿಸಿದ. ಮತ್ತೆ ಮತ್ತೆ ಮಾಡಿದ. ಕೆಲಸದ ಮಧ್ಯ, ನಾನೂ ಸ್ವಲ್ಪ ಗದರಿಬಿಟ್ಟೆ. ತಪ್ಪಾಯ್ತಮ್ಮ, ನನಗೇನು ಗೊತ್ತು."

ಆ ನಂಬರು ಅವನ ಫೋನಿನಲ್ಲಿ ಇನ್ನೂ ಇತ್ತು. ಹುಡುಕಿ ಕೊಟ್ಟ. ಒಳ್ಳೆಯ ಮನುಷ್ಯ, ಮೂರು ಸಲ ಓದಿ ಹೇಳಿದ. ಅದಕ್ಕೆ ಮಾಡಿದರೆ ಎತ್ತಿದವನು ಗ್ಯಾಂಗಿನ ಮೇಸ್ತ್ರಿ. ಚಿಕ್ಕಪ್ಪ ಬದುಕಿದ್ದರು! ನಾನು ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದೆ. ಅತ್ತೆಯ ಕಣ್ಣಲ್ಲಿ ಬೆಳಕು ಬಂತು, "ಕೊಡಪ್ಪ ಅವನಿಗೆ, ಕೊಡು" ಎಂದರು.

"ನೀವ್ಯಾರು?" ಎಂದ ಮೇಸ್ತ್ರಿ.

"ಅವನ ಅಕ್ಕ."

ಅವನು ತೊದಲಿದ. "ಅಕ್ಕ ಸತ್ತೋದ್ಲು ಅಂದ್ನಲ್ಲಮ್ಮ ಅವನು... ಕಾಲು ಮುರ್ಕೊಂಡು ಒಂದೂವರೆ ವರ್ಷ ಎಲ್ಲೋ ಆಸ್ಪತ್ರೆ, ಶೆಡ್ಡು ಅಂತ ಬಿದ್ದಿದ್ನಂತೆ, ಫೋನ್ ಕೊಡೋರೂ ಇರಲಿಲ್ವಂತೆ. ನಮ್ಮ ಹತ್ರ ಬಂದು ಸ್ವಲ್ಪ ದಿನ ಇದ್ದ. ಇನ್ನು ಕೆಲಸ ಆಗಲ್ಲ, ಅಕ್ಕನ ಹತ್ರ ಹೋಗ್ತೀನಿ, ಬಸ್ ಸ್ಟ್ಯಾಂಡಿಗೆ ಬಾ ಅಂತ ಹೇಳ್ತೀನಿ ಅಂದ. ಬಟ್ಟೆ ಗಂಟು ಕಟ್ಟಿ ಮಡಿಲಲ್ಲಿಟ್ಕೊಂಡೇ ಫೋನ್ ಮಾಡೋಕೆ ಕೂತ. ನನ್ನ ಫೋನೇ ಕೊಟ್ಟಿದ್ದೆ. ಯಾರೋ ಗಂಡಸು ಬೈತಾನೆ ಅಂದ. ಅಕ್ಕ ಇದ್ದಿದ್ರೆ ಅವಳೇ ಎತ್ತೋಳು, ಎತ್ತದೆ ಇರೋಳೇ ಅಲ್ಲ, ಸತ್ತೋಗಿದಾಳೆ ಅಂತ ನೆಲಕ್ಕೆ ಹೊರಳಾಡಿ ಅತ್ತ. ನಾವು ಎಷ್ಟು ಹೇಳಿದ್ರೂ ಕೇಳಲಿಲ್ಲ."

"ಈಗ ಎಲ್ಲಿದಾನೆ?"

"ಎರಡು ದಿನ ಏನೂ ತಿನ್ನಲಿಲ್ಲಮ್ಮ. ಮೂರನೇ ದಿನ ನೋಡಿದ್ರೆ ಇಲ್ಲ. ಯಾವುದೋ ಲಾರಿ ಹತ್ಕೊಂಡು ಹೋದ ಅಂದ್ರು. ಎಲ್ಲಿಗೆ ಅಂತ ಯಾರಿಗೂ ಗೊತ್ತಿಲ್ಲ."

ಅತ್ತೆ ಮೇಸ್ತ್ರಿಯ ಹೆಸರು, ಗ್ಯಾಂಗಿರುವ ಜಾಗ, ಲಾರಿಯ ಬಣ್ಣ ಎಲ್ಲವನ್ನೂ ಕೇಳಿ ಬರೆದುಕೊಂಡರು. ನಮ್ಮ ಹೊಸ ನಂಬರು ಕೊಟ್ಟರು. ಫೋನು ಇಟ್ಟ ಮೇಲೆ ಬರೆದ ಕಾಗದವನ್ನೇ ನೋಡುತ್ತ ಕೂತರು. ನಾನು ಅವರ ಕಾಲ ಬಳಿ ಕುಸಿದು, "ಬೈಯಿರಿ ಅತ್ತೆ, ಹೊಡೀರಿ, ಏನಾದ್ರೂ ಮಾಡಿ" ಎಂದು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಅತ್ತೆ ನನ್ನ ತಲೆಯ ಮೇಲೆ ಕೈಯಿಟ್ಟರು.

"ನೀನು ನನ್ನ ಜೀವ ಉಳಿಯಲಿ ಅಂತಲೇ ಮಾಡಿದೆ ಕಣೆ, ಗೊತ್ತು ನನಗೆ" ಎಂದರು. "ಉಳೀತು. ಆದ್ರೆ ನಾನು ಉಳಿದಿದೀನಿ ಅಂತ ಅವನಿಗೆ ಯಾರು ಹೇಳ್ತಾರೆ?"